ಶಾರ್ಟ್ ಫಿಲಂಗೆ ಮಾವನ ಕೋವಿ ತರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದ್ದು: ಗುಡಿಬಂಡೆ ಹುಡುಗ
ನಾವು ಫ್ರೆಂಡ್ಸ್ ಸೇರಿ ನಮ್ಮೂರ ಹತ್ರನೇ ಒಂದು ಶಾರ್ಟ್ ಫಿಲಂ ಮಾಡ್ತಿದ್ದೀವಿ. ರಾತ್ರಿ ಕಡಲೆಕಾಯಿ ಹೊಲಕ್ಕೆ ಹಂದಿ ಬರದಂಗೆ ಕಾಯೋ ರೈತನ ಕತೆ. ಒಂದೇ ಸೀನಲ್ಲಿ ಅವನು ಕೋವಿ ಹಾರಿಸ್ಬೇಕು. ಮಾವನ ಹತ್ರ ಲೈಸೆನ್ಸ್ ಇರೋ ಹಳೇ ಒಂಟಿ ನಳಿಗೆ ಕೋವಿ ಇದೆ, ನಳಿಗೆ ಬಾಯಿಂದ ಮದ್ದು ತುಂಬೋದು. "ಮದ್ದು ಹಾಕ್ಬೇಡಿ, ಬರೀ ಕೇಪು ಹೊಡೀರಿ, ಏನೂ ಆಗಲ್ಲ" ಅಂತಾರೆ ಅವರು. ನಮ್ಮ ಬಜೆಟ್ ಯೂನಿಟ್ ಊಟಕ್ಕೇ ಸಾಲ್ತಿಲ್ಲ. ಏನ್ ಮಾಡೋದು?

ಪಾವಗಡದ ರೈತ
ತಮ್ಮಾ, ನಮ್ಮನೇಲೂ ಅಂಥದ್ದೇ ಕೋವಿ ಇದೆ, ಅದಕ್ಕೇ ಹೇಳ್ತಿದ್ದೀನಿ. ತೋಟಾ ಹಾಕೋ ಕೋವಿ ಆದ್ರೆ ಮಡಚಿ ನೋಡಿದ್ರೆ ಖಾಲಿಯೋ ತುಂಬಿದೆಯೋ ಕಾಣುತ್ತೆ. ಇದರ ಹಿಂಬದಿ ಮುಚ್ಚಿರುತ್ತೆ. ಹೋದ ಸುಗ್ಗೀಲಿ ತುಂಬಿ ಮರೆತ ಮದ್ದು, ಚರೆ ಒಳಗೇ ಕೂತಿದ್ರೂ ಹೊರಗಿಂದ ಗೊತ್ತಾಗಲ್ಲ. ಜಡಿಯೋ ಕಡ್ಡಿ ಬಿಟ್ಟು, ಎಲ್ಲೀತಂಕ ಇಳೀತು ಅಂತ ಗುರುತು ಮಾಡಿ, ಆಮೇಲೆ ಅದನ್ನ ನಳಿಗೆ ಪಕ್ಕಕ್ಕಿಟ್ಟು ಅಳೆದು ನೋಡ್ಬೇಕು. ಬುಡ ಮುಟ್ಟಿಲ್ಲ ಅಂದ್ರೆ ಒಳಗೆ ಏನೋ ಇದೆ. ಕೇಪು ಇರೋದೇ ಮದ್ದಿಗೆ ಬೆಂಕಿ ಮುಟ್ಸೋಕೆ. ಒಳಗೆ ಹಳೇ ಮದ್ದಿದ್ರೆ ನಿಮ್ಮ ಬರೀ ಕೇಪೇ ಸಾಕು.

ಇನ್ನೊಂದು. ಲೈಸೆನ್ಸ್ ಮಾವಂದು, ನಿಮ್ಮ ಹೀರೋದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ 3ನೇ ಕಲಂ ಪ್ರಕಾರ ಲೈಸೆನ್ಸ್‌ದಾರನ ಎದುರಲ್ಲೋ, ಅವನು ಬರೆದುಕೊಟ್ಟ ಮೇಲೋ ಇನ್ನೊಬ್ಬರು ಕೋವಿ ಹೊತ್ಕೊಂಡು ಹೋಗ್ಬಹುದು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲಾ ಅವನೇ ಬಳಸೋದಕ್ಕೆ. ಆಕ್ಟಿಂಗಿಗೆ ಅಂತ ಅದರಲ್ಲಿಲ್ಲ. ನೀವು ಯೂಟ್ಯೂಬಿಗೆ ಹಾಕಿದ್ರೆ ಸಾಕ್ಷೀನೂ ನೀವೇ ಕೊಟ್ಟಂಗಾಯ್ತು. ಮಾವನ ಲೈಸೆನ್ಸ್ ಉಳಿಸ್ರಪ್ಪ.

ಶಿರಾದವನು, ಆರ್ಟ್ ಡಿಪಾರ್ಟ್‌ಮೆಂಟ್
ಮೇಲಿನವರು ಹೇಳಿದ್ದು ಸರಿ. ಸೆಟ್ಟಲ್ಲಿ ಅಪಾಯ ಶುರುವಾಗೋದೇ "ಖಾಲಿ ಇದೆ" ಅಂತ ಒಬ್ಬರು ಹೇಳಿ ಇನ್ನೊಬ್ಬರು ನಂಬಿದಾಗ. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಅನ್ನೋ ಸಿನಿಮಾ ಸೆಟ್ಟಲ್ಲಿ ಆಗಿದ್ದೂ ಅದೇ. ಟೇಕ್ ಕೂಡ ಅಲ್ಲ, ರಿಹರ್ಸಲ್. ಡಮ್ಮಿ ತೋಟಾಗಳ (ಮದ್ದಿಲ್ಲದ, ಬರೀ ನೋಡೋಕೆ ಇರೋವು) ಜೊತೆ ನಿಜವಾದದ್ದೊಂದು ಸೇರ್ಕೊಂಡಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕರಿಗೆ ಗಾಯವಾಯ್ತು. ಆಯುಧದ ಹೊಣೆ ಹೊತ್ತಿದ್ದವರಿಗೆ 2024ರಲ್ಲಿ 18 ತಿಂಗಳ ಜೈಲಾಯ್ತು. ಡಮ್ಮಿ ತೋಟಾದಲ್ಲಿ ಸಣ್ಣ ಗೋಲಿ ಹಾಕಿರ್ತಾರೆ, ಅಲ್ಲಾಡಿಸಿದ್ರೆ ಗಲಗಲ ಅನ್ನುತ್ತೆ. ಇಲ್ಲಾ ಪಕ್ಕದಲ್ಲಿ ತೂತು ಕೊರೆದಿರ್ತಾರೆ. ಒಂದೊಂದನ್ನೂ ಕಿವಿ ಹತ್ರ ಹಿಡಿದು ಅಲ್ಲಾಡಿಸೋ ಕೆಲಸ ಅದು. ಬೇಜಾರಿನ ಕೆಲಸ, ಆದರೆ ಮಾಡ್ಲೇಬೇಕು.

"ಬ್ಲ್ಯಾಂಕ್ ಹಾಕಿದ್ರಾಯ್ತು" ಅನ್ನೋರಿಗೂ ಒಂದು ಮಾತು. ಬ್ಲ್ಯಾಂಕಲ್ಲಿ ಗುಂಡು ಇಲ್ಲ, ಮದ್ದು ಇದೆ. ಹತ್ತಿರದಲ್ಲಿ ಅದರ ಒತ್ತಡವೇ ಸಾಕು: 1984ರಲ್ಲಿ ಜಾನ್-ಎರಿಕ್ ಹೆಕ್ಸಮ್ ಅನ್ನೋ ನಟ ಬ್ಲ್ಯಾಂಕ್ ಹಾಕಿದ ಗನ್ನನ್ನ ತಮಾಷೆಗೆ ಹಣೆ ಪಕ್ಕ ಇಟ್ಟು ಒತ್ತಿ ತೀರಿಕೊಂಡ. 1993ರಲ್ಲಿ ಸೆಟ್ಟಲ್ಲೇ ಸತ್ತ ನಟ ಬ್ರ್ಯಾಂಡನ್ ಲೀ ಕತೆ ಇನ್ನೂ ವಿಚಿತ್ರ. ನಿಜವಾದ ತೋಟಾದಿಂದ ಮದ್ದು ತೆಗೆದು ಡಮ್ಮಿ ಮಾಡಿದ್ರು, ಹಿಂದಿನ ಕೇಪು ಹಾಗೇ ಉಳಿದಿತ್ತು. ಅದು ಸಿಡಿದು ಗುಂಡನ್ನ ನಳಿಗೆಯೊಳಗೆ ಅರ್ಧ ದಾರಿಗೆ ತಳ್ಳಿತ್ತು. ಯಾರೂ ನೋಡ್ಲಿಲ್ಲ. ಆಮೇಲೆ ಅದೇ ಗನ್ನಿಗೆ ಬ್ಲ್ಯಾಂಕ್ ಹಾಕಿ ಹೊಡೆದಾಗ ಆ ಗುಂಡು ಆಚೆ ಬಂದು ಅವನಿಗೆ ಬಿತ್ತು.

ನಾನು ನೋಡಿದ ಒಳ್ಳೇ ಸೆಟ್ಟಲ್ಲಿ ಗನ್ನಿಗೆ ಒಬ್ಬನೇ ಜವಾಬ್ದಾರ, ಪೆಟ್ಟಿಗೆ ಬೀಗ ಅವನ ಹತ್ರಾನೇ. ಟೇಕಿಗೆ ಮುಂಚೆ ನಟನ ಎದುರೇ ಬಿಚ್ಚಿ ತೋರಿಸಿ ಕೊಡ್ತಾನೆ, ಕಟ್ ಅಂದ ತಕ್ಷಣ ವಾಪಸ್ ಇಸ್ಕೊಳ್ತಾನೆ. ಎದುರಿಗಿರೋರ ಮೇಲೆ ನೇರ ಗುರಿ ಇಡಲ್ಲ. ಸ್ವಲ್ಪ ಪಕ್ಕಕ್ಕೆ ಹಿಡಿದ್ರೂ ಕ್ಯಾಮೆರಾ ಕೋನ ಅದನ್ನ ನೇರ ಮಾಡುತ್ತೆ. ಕೆಟ್ಟ ಸೆಟ್ಟಲ್ಲಿ ಊಟದ ಬ್ರೇಕಲ್ಲಿ ಲೈಟ್‌ಬಾಯ್ಸ್ ಗನ್ ಹಿಡಿದು ಸೆಲ್ಫಿ ತಗೋತಿರ್ತಾರೆ. ಡಮ್ಮಿ ಆದ್ರೂ ನಂಗೆ ಅದು ಆಗಿಬರಲ್ಲ.

ಕೆಜಿಎಫ್ ರಾಬರ್ಟ್‌ಸನ್‌ಪೇಟೆ
ಏರ್‌ಗನ್ ತಗೊಳ್ಳಿ ಗುರು, ಲೈಸೆನ್ಸ್ ಬೇಡ. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ.

ಶಿರಾದವನು
ಬೋರ್ (ನಳಿಗೆ ಒಳಗಿನ ಅಗಲ) 4.5 ಮಿ.ಮೀ., ಹೊಡೆತದ ಶಕ್ತಿ 20 ಜೌಲ್ ಮೀರದಿದ್ರೆ ಲೈಸೆನ್ಸ್ ಬೇಡ, ನಿಜ. ಆದ್ರೆ ಅದರ ಚರೆ ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತು. ಅದೂ ಅಲ್ದೆ ಅದು ನಾಡ ಕೋವಿ ಥರ ಕಾಣೋದೂ ಇಲ್ಲ.

ತುಮಕೂರು ಎಡಿಟರ್
ಹಾರಿಸೋದೇ ಬೇಡ, ನಮಗೆ ಬಿಡಿ. ನಳಿಗೆ ಬಾಯಲ್ಲಿ ಬೆಂಕಿ ಒಂದೆರಡು ಫ್ರೇಮ್ ಅಷ್ಟೇ, ಫೋನ್ ಆ್ಯಪಲ್ಲೂ ಕೂರಿಸ್ಬಹುದು. ಮೋಸ ಗೊತ್ತಾಗೋದು ಬೇರೆ ಕಡೆ: ರಾತ್ರಿ ಸೀನಲ್ಲಿ ಬೆಂಕಿ ಬಂದ್ರೂ ಮುಖದ ಮೇಲೆ ಬೆಳಕು ಬೀಳಲ್ಲ. ಅದೇ ಗಳಿಗೆಗೆ ಪಕ್ಕದಿಂದ ಫೋಟೋ ಫ್ಲ್ಯಾಶ್ ಒಂದು ಹೊಡೀರಿ. ಕರಿ ಮದ್ದಿಗೆ ಬಿಳಿ ಹೊಗೆ ಜಾಸ್ತಿ, ಅದನ್ನ ಬೇರೆ ಶೂಟ್ ಮಾಡಿ ಮೇಲೆ ಹಾಕಿ. ಭುಜಕ್ಕೆ ಒದೆತ ನಟನೇ ತೋರಿಸ್ಬೇಕು, ಮಾವನ್ನ ಕೂರಿಸಿ ಕಲೀರಿ, ಅವರಿಗಿಂತ ಗುರು ಬೇಕಾ. ಸದ್ದು ಡಬ್ಬಿಂಗಲ್ಲಿ.

ಗುಡಿಬಂಡೆ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಕಡ್ಡಿ ವಿಷಯ ಹೇಳ್ದೆ, ಸುಮ್ಮನಾದ್ರು. ಬಡಗಿ ಹತ್ರ ಒಂದು ಡಮ್ಮಿ ಕೋವಿ ಮಾಡಿಸೋಣ ಅಂತಿದ್ದೀವಿ. ನಳಿಗೆಗೆ ಕಬ್ಬಿಣದ ಪೈಪ್ ಹಾಕಿದ್ರೆ ತೂಕ ಚೆನ್ನಾಗಿ ಬರುತ್ತಲ್ವಾ?

ಪಾವಗಡದ ರೈತ
ಬೇಡ ತಮ್ಮಾ. ಕಬ್ಬಿಣದ ಪೈಪು, ಮರದ ಹಿಡಿ ಇದ್ರೆ ನೋಡಿದವರು ನಾಡ ಬಂದೂಕು ಅಂತಾನೇ ಅಂದ್ಕೊಳ್ಳೋದು. ಪಿವಿಸಿ ಪೈಪ್ ಹಾಕಿ, ಬಾಯಿಂದ ಒಂದಿಂಚು ಒಳಗೆ ಮರದ ಬಿರಡೆ ಅಂಟಿಸಿ, ಮಸಿ ಬಣ್ಣ ಬಳೀರಿ. ತೂಕಕ್ಕೆ ಹಿಡಿಯೊಳಗೆ ಮರಳು ತುಂಬಿ. ಶೂಟಿಂಗ್ ಹಿಂದಿನ ದಿನ ಸ್ಟೇಷನ್ನಿಗೆ ಹೋಗಿ ಜಾಗ, ಟೈಮು ಬರೆದುಕೊಟ್ಟು, ಡಮ್ಮಿ ಕೋವಿ ಫೋಟೋನೂ ತೋರಿಸಿ. ಊರ ಮುಖಂಡರಿಗೂ ಹೇಳಿಡಿ. ಮತ್ತೆ ಅದನ್ನ ಬೈಕ್ ಹಿಂದೆ ಎತ್ತಿ ಹಿಡ್ಕೊಂಡು ಹೋಗ್ಬೇಡಿ, ಗೋಣಿಚೀಲದಲ್ಲಿ ಸುತ್ಕೊಂಡು ಹೋಗಿ.