ತಿಂಗಳಿಗೆ ಎರಡು ಸಾವಿರ ಇದೆ, ಹವಾಮಾನದ ಕೆಲಸ ಮಾಡುವ ಯಾರಿಗೆ ಕೊಡಲಿ?

ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಮಳೆ ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಪತ್ತೆ ಇಲ್ಲ. ತೋಟಕ್ಕೆ ಎಲೆಚುಕ್ಕೆ ರೋಗ ಬೇರೆ. ಸುಮ್ನೆ ಬೈದುಕೊಂಡು ಕೂರುವ ಬದಲು ಹವಾಮಾನ ಬದಲಾವಣೆಯ ಕೆಲಸ ಮಾಡುವ ಸಂಸ್ಥೆಗೆ ತಿಂಗಳಿಗೆ ಎರಡು ಸಾವಿರ ಕೊಡೋಣ ಅಂತಿದ್ದೇನೆ. ಗಿಡ ನೆಡುವವರಿಗಾ, ದೊಡ್ಡ ಸಂಸ್ಥೆಗಾ? ಕೊಟ್ಟು ಗೊತ್ತಿರುವವರು ಹೇಳಿ.

ಸಾಗರದಿಂದ

ಗಿಡ ನೆಡುವವರಿಗೆ ಕೊಡಬೇಡಿ ಅನ್ನುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಅಲ್ಲಿ ಯಾರಿರುತ್ತಾರೆ ಅಂತ ಮೊದಲೇ ಕೇಳಿ. ಜೂನ್ 5ರ ಪರಿಸರ ದಿನಕ್ಕೆ ಬ್ಯಾನರ್ ಕಟ್ಟುವವರಿಗೆ ನಮ್ಮಲ್ಲಿ ಬರವಿಲ್ಲ. ನಾವು ಕೆಲವರು ಸೇರಿ ಒಂದು ತಂಡಕ್ಕೆ ದುಡ್ಡು ಕೊಟ್ಟಿದ್ದೆವು. ಮರುವರ್ಷ ಗುಡ್ಡ ಹತ್ತಿ ನೋಡಿದರೆ ಒಣ ಕಡ್ಡಿಗಳು. ಒಂದನ್ನು ಕಿತ್ತರೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಸಮೇತ ಬಂತು. ಅದನ್ನೂ ಹರಿಯದೆ ಹೂತಿದ್ದರು! ಉಳಿದದ್ದು ಬೆಂಕಿಗೆ ಹೋಗಿತ್ತು.

ಈಗ ನಾವು ಕೊಡುವುದು ಇರುವ ಕಾನು, ಅಂದರೆ ನಮ್ಮ ಮಲೆನಾಡಿನ ನಿತ್ಯಹಸಿರು ಕಾಡು, ಕಾಯುವವರಿಗೆ. ದನ ಬಾರದಂತೆ ಅಂಚಿಗೆ ಅಗಳ (ಕಂದಕ) ಹೊಡೆಯುತ್ತಾರೆ, ಬೇಸಿಗೆಗೆ ಮುಂಚೆ ದರಕು (ಒಣಗಿದ ಎಲೆ) ಗುಡಿಸಿ ಬೆಂಕಿರೇಖೆ ಮಾಡುತ್ತಾರೆ, ಇಂಗುಗುಂಡಿ ತೆಗೆಯುತ್ತಾರೆ. ದನ, ಬೆಂಕಿ ಎರಡನ್ನೂ ತಡೆದರೆ ಬೀಜ ತರುವ ಕೆಲಸ ಮಂಗಟ್ಟೆ ಹಕ್ಕಿಯದು. ನೆಡಲೇಬೇಕು ಅಂದರೆ ಯಾವ ಜಾತಿ ಅಂತ ಕೇಳಿ. ಮುರುಗಲು, ಹಲಸು, ನಂದಿಯಂಥ ಇಲ್ಲಿಯ ಮರ ಅಂದರೆ ಸರಿ. ಹೊರಗಿನಿಂದ ತಂದ ಅಕೇಶಿಯಾ ಅಂದರೆ ಕೈಮುಗಿದು ಬನ್ನಿ.

ಹೊಸನಗರದಿಂದ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಾನು ಉಳಿಯಲೇಬೇಕು, ಆದರೆ ಹವಾಮಾನ ಕೆಡಿಸುವ ಹೊಗೆ ಹೆಚ್ಚಾಗಿ ಬರುತ್ತಿರುವುದು ಕಲ್ಲಿದ್ದಲಿನಿಂದ, ಪೆಟ್ರೋಲಿನಿಂದ. ಪುಣೆಯ ಪ್ರಯಾಸ್ ಎನರ್ಜಿ ಗ್ರೂಪ್, ಬೆಂಗಳೂರಿನ ಸಿ-ಸ್ಟೆಪ್‌ನಂಥವರು ವಿದ್ಯುತ್ ನೀತಿಯ ಲೆಕ್ಕಾಚಾರ ಮಾಡುತ್ತಾರೆ. ಇದರಲ್ಲಿ ಫೋಟೊ ಸಿಗುವುದಿಲ್ಲ, ಹಾಗಾಗಿ ನಮ್ಮಂಥವರ ದುಡ್ಡೂ ಅತ್ತ ಹೋಗುವುದು ಕಮ್ಮಿ. ಕಣ್ಣಿಗೆ ಕಾಣುವಂಥದ್ದೇ ಬೇಕು ಅಂದರೆ ಸೆಲ್ಕೊ ಫೌಂಡೇಶನ್ ನೋಡಿ. ಸೋಲಾರ್ ಅನ್ನು ಬರೀ ಬಲ್ಬಿಗೆ ನಿಲ್ಲಿಸದೆ ಆಸ್ಪತ್ರೆ, ಸಣ್ಣ ಕಸುಬಿನ ಯಂತ್ರಗಳವರೆಗೆ ತಂದಿದ್ದಾರೆ.

ಒಂದು ಮಾತು. ಹವಾಮಾನದ ಸಂಸ್ಥೆ ಅಂದ ತಕ್ಷಣ ನಮ್ಮ ಕಾಡಿನ ಪರ ಅಂದುಕೊಳ್ಳಬೇಡಿ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. 2,000 ಮೆಗಾವಾಟ್. ಕರೆಂಟು ಜಾಸ್ತಿ ಇರುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದು. ಸೋಲಾರ್, ಗಾಳಿ ವಿದ್ಯುತ್ತಿಗೆ ಅನುಕೂಲ ಅನ್ನುವವರಿದ್ದಾರೆ. ಆದರೆ ಜಾಗ ಸಿಂಗಳೀಕದ ಅಭಯಾರಣ್ಯ. ದುಡ್ಡು ಕೊಡುವ ಮುಂಚೆ ಈ ಪ್ರಶ್ನೆ ಕೇಳಿ, ಅವರ ನಿಲುವು ಗೊತ್ತಾಗಿಬಿಡುತ್ತದೆ.

ಶಿವಮೊಗ್ಗದಿಂದ, ಲೆಕ್ಕಪತ್ರದ ಕೆಲಸದವನು

ಸ್ವಯಂಸೇವಾ ಸಂಸ್ಥೆಗಳ ಪಟ್ಟಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿ. ಆದರೆ ಅಲ್ಲಿ ಹೆಸರಿದ್ದರೆ ಕೆಲಸ ಚೆನ್ನಾಗಿದೆ ಅಂತ ಅರ್ಥವಲ್ಲ, ಆಡಿಟ್ ವರದಿಯನ್ನೂ ಕೇಳಿ. ಸಂಸ್ಥೆಗೆ 80ಜಿ ಅನ್ನುವ ದೇಣಿಗೆಯ ತೆರಿಗೆ ರಿಯಾಯಿತಿ ಮಾನ್ಯತೆ ಇದ್ದರೆ ಸಾಮಾನ್ಯವಾಗಿ ಕೊಟ್ಟದ್ದರಲ್ಲಿ ಅರ್ಧ ತೆರಿಗೆ ಹಾಕುವ ನಿಮ್ಮ ಆದಾಯದಿಂದ ಕಳೆಯುತ್ತದೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ನಗದು 2,000 ರೂಪಾಯಿ ದಾಟಿದರೆ ಲೆಕ್ಕಕ್ಕಿಲ್ಲ. ವಿದೇಶಿ ಪೌರತ್ವ ತೆಗೆದುಕೊಂಡ ಅಣ್ಣನೋ ಭಾವನೋ ಕೈ ಜೋಡಿಸುವುದಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಬೇಕು. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದುಡ್ಡೇ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈ ರಗಳೆ ಇಲ್ಲ.

ತೀರ್ಥಹಳ್ಳಿಯಿಂದ

ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಇಂಥದ್ದಕ್ಕೇ ಖರ್ಚು ಮಾಡಿ ಅಂತ ಷರತ್ತು ಹಾಕಬೇಡಿ. ಸಸಿಗೆ ದುಡ್ಡು ಕೊಡುವವರು ಸಿಗುತ್ತಾರೆ, ಬೆಂಕಿ ಕಾಯುವವನ ಸಂಬಳಕ್ಕೆ, ಬೈಕಿನ ಪೆಟ್ರೋಲಿಗೆ ಯಾರೂ ಕೊಡುವುದಿಲ್ಲ. ಒಂದೇ ಸಲ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಎರಡು ಸಾವಿರವೇ ಮೇಲು, ಅದನ್ನು ನಂಬಿ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು ಅಲ್ವಾ. ನಿಲ್ಲಿಸುವುದಾದರೆ ಮಾತ್ರ ಎರಡು ಮೂರು ತಿಂಗಳು ಮೊದಲೇ ತಿಳಿಸಿ.