ಅಮ್ಮನ ಕ್ಲೈಮ್ ವಿಷಯ ಆಫೀಸಿಗೆಲ್ಲ ಗೊತ್ತಾಗಿದೆ, ಏನು ಮಾಡೋದು?

ಬಂಗುಡೆಪ್ರಿಯ:
ಮಂಗಳೂರಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿದ್ದೇನೆ. ಆಫೀಸಿನ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನೂ ಸೇರಿದ್ದಾರೆ. ಮಳೆಗಾಲದಲ್ಲಿ ಅಮ್ಮನಿಗೆ ಡಿಪ್ರೆಶನ್ ಜಾಸ್ತಿಯಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಕ್ಯಾಶ್‌ಲೆಸ್ ಇರಲಿಲ್ಲ, ಹಾಗಾಗಿ ಬಿಲ್ಲು, ಡಿಸ್ಚಾರ್ಜ್ ಸಮರಿ ಎಲ್ಲ ಎಚ್‌ಆರ್ ಕೈಗೆ ಕೊಟ್ಟೆ. ಎಲ್ಲರೂ ಹಾಗೇ ಕೊಡೋದು. ಮೊನ್ನೆ ಕ್ಯಾಂಟೀನಿನಲ್ಲಿ ನೀರುದೋಸೆ ತಿನ್ನುವಾಗ ಬೇರೆ ಡಿಪಾರ್ಟ್‌ಮೆಂಟಿನವರೊಬ್ಬರು ಬಂದು "ಅಮ್ಮನ ಮಂಡೆ ಸಮ ಆಯ್ತಾ?" ಅಂತ ಕೇಳಿದರು. ನಿಮಗೆ ಹೇಗೆ ಗೊತ್ತು ಅಂದರೆ, ಕ್ಲೈಮ್ ಶೀಟ್ ಯಾರೋ ಫಾರ್ವರ್ಡ್ ಮಾಡಿದ್ದರಂತೆ! ತಂಗಿಗೆ ಸಂಬಂಧ ನೋಡುತ್ತಿದ್ದೇವೆ. ನಮ್ಮ ಊರು ಗೊತ್ತಲ್ಲ, ಪಂಪ್‌ವೆಲ್‌ನಲ್ಲಿ ಸೀನಿದರೆ ಸುರತ್ಕಲ್‌ನಲ್ಲಿ ಮದ್ದು ಹೇಳುತ್ತಾರೆ. ಕಂಪನಿ ಹೀಗೆ ಮಾಡಬಹುದಾ?

ಹಳೇ ಡೆಸ್ಕ್:
ಆರು ವರ್ಷ ಉಡುಪಿ ಕಡೆ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿದ್ದೆ. ಕ್ಯಾಶ್‌ಲೆಸ್ ಆದರೆ ಕಾಗದ ಆಸ್ಪತ್ರೆಯಿಂದ ಟಿಪಿಎಗೆ (ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವ ಏಜೆನ್ಸಿ), ಅಲ್ಲಿಂದ ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೆ, ನಡುವೆ ಎಚ್‌ಆರ್ ಬರುವುದೇ ಇಲ್ಲ. ರೀಇಂಬರ್ಸ್‌ಮೆಂಟ್‌ನಲ್ಲಿ, ಅಂದರೆ ಮೊದಲು ನಾವೇ ಕಟ್ಟಿ ಆಮೇಲೆ ದುಡ್ಡು ವಾಪಸ್ ಪಡೆಯುವಾಗ ಮಾತ್ರ, ಈ ಕಟ್ಟು ಕಟ್ಟಿ ಎಚ್‌ಆರ್ ಮೇಜಿನ ಮೇಲೆ ಇಡುವ ಅಭ್ಯಾಸ. ಅದು ಅನುಕೂಲಕ್ಕೆ ಬಂದದ್ದು. ಟಿಪಿಎ ಪೋರ್ಟಲ್‌ನಲ್ಲಿ ನೀವೇ ಅಪ್‌ಲೋಡ್ ಮಾಡಬಹುದು, ಅಸಲು ಬಿಲ್ಲು ಕೇಳಿದರೆ ನೇರ ಕೊರಿಯರ್ ಮಾಡಿ.

ಆದರೆ ನಿಮ್ಮ ಶೀಟ್ ಬೇರೆಯದು ಅಂತ ಕಾಣುತ್ತದೆ. ಟಿಪಿಎ ಅಥವಾ ಬ್ರೋಕರ್ ಕಂಪನಿಗೆ ಆಗಾಗ ಎಂಐಎಸ್ ಅಂತ ಒಂದು ಎಕ್ಸೆಲ್ ಕಳಿಸುತ್ತಾರೆ. ಅದರಲ್ಲಿ ಕೆಲವೊಮ್ಮೆ ನೌಕರರ ಹೆಸರು, ರೋಗಿಯ ಹೆಸರು, ಕಾಯಿಲೆ, ಮೊತ್ತ ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ರಿನ್ಯೂವಲ್‌ಗೆ ಪ್ರೀಮಿಯಂ ಮಾತಾಡಲು ಕಂಪನಿಗೆ ಬೇಕಾದ್ದು ಒಟ್ಟು ಎಷ್ಟು ಕ್ಲೈಮ್, ಎಷ್ಟು ರೂಪಾಯಿ ಅನ್ನೋ ಲೆಕ್ಕ. ನಿಮ್ಮ ಅಮ್ಮನ ಕಾಯಿಲೆಯ ಹೆಸರು ಎಂತಕ್ಕೆ?

ಮಣಿಪಾಲದ ಎಚ್‌ಆರ್:
ಬೈಯಬೇಡಿ ಮಾರಾಯ್ರೆ, ನಾನೂ ಅದೇ ಕೆಲಸ. ಕ್ಲೈಮ್ ನಿಂತಾಗ ಜನ ನಮ್ಮ ಹತ್ತಿರವೇ ಓಡಿ ಬರುತ್ತಾರೆ, ಶೀಟ್ ಇಲ್ಲದೆ ಎಲ್ಲಿ ನಿಂತಿದೆ ಅಂತ ಹೇಳೋದು ಹೇಗೆ? ಆದರೆ ಅದಕ್ಕೆ ಕ್ಲೈಮ್ ನಂಬರ್ ಸಾಕು, ಇದು ಒಪ್ಪಬೇಕಾದ ಮಾತು. ಫಾರ್ವರ್ಡ್ ಮಾಡಿದ್ದು ಮಾತ್ರ ಶುದ್ಧ ತಪ್ಪು. ನಮ್ಮಲ್ಲಿ ಈಗ ಕಾಯಿಲೆಯ ಕಾಲಂ ತೆಗೆದೇ ಕಳಿಸಿ ಅಂತ ಬ್ರೋಕರ್‌ಗೆ ಹೇಳಿದ್ದೇವೆ, ಒಂದು ಮೇಲ್‌ನಲ್ಲಿ ಆದ ಕೆಲಸ.

ಕೋರ್ಟ್ ರಸ್ತೆ:
ಕಾನೂನು ಇದೆ. ಐಟಿ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳಲ್ಲಿ ದೇಹದ, ಮನಸ್ಸಿನ ಆರೋಗ್ಯದ ವಿವರ ಸೂಕ್ಷ್ಮ ಮಾಹಿತಿ. ಹೊರಗಿನವರಿಗೆ ಕೊಡಲು ಸಾಮಾನ್ಯವಾಗಿ ಮೊದಲೇ ಅನುಮತಿ ಬೇಕು, ಕಂಪನಿಗೆ ದೂರು ಕೇಳುವ ಅಧಿಕಾರಿ ಇರಬೇಕು, ಅವರು ಒಂದು ತಿಂಗಳೊಳಗೆ ಬಗೆಹರಿಸಬೇಕು. 2023ರ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಮುಖ್ಯ ಭಾಗ ಜಾರಿಯಾಗಲು 18 ತಿಂಗಳು, ಅಂದರೆ 2027ರ ಮೇ. ಅದರಲ್ಲೂ ನೌಕರ ತಾನೇ ಕೇಳಿದ ಸೌಲಭ್ಯಕ್ಕಾಗಿ ಬೇರೆ ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಬಹುದು ಅಂತ ಇದೆ. ಕ್ಯಾಂಟೀನ್ ಮಾತು ಅದರಲ್ಲಿ ಬರೋದಿಲ್ಲ ಅನ್ನಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಅಮ್ಮನಿಗೆ ಗೌಪ್ಯತೆಯ ಹಕ್ಕು ಕೊಡುತ್ತದೆ. ಅಲ್ಲಿ ಕಟ್ಟುಪಾಡು ಹೆಚ್ಚಾಗಿ ಚಿಕಿತ್ಸೆ ಕೊಡುವವರ ಮೇಲೆ, ಹಾಗಾಗಿ ಎಚ್‌ಆರ್ ವಿರುದ್ಧ ಅದೊಂದನ್ನೇ ಹಿಡಿದು ಹೋಗಬೇಡಿ. ಮೊದಲು ಬರೆದು ಕೇಳಿ: ಆ ಶೀಟ್ ಯಾರು ಕಳಿಸಿದರು, ಯಾರ್ಯಾರಿಗೆ ಹೋಗಿದೆ, ಅಳಿಸಿದ್ದೀರಾ. ಬಾಯಿಮಾತಲ್ಲಿ ಬೇಡ, ನಾಳೆ ಯಾರೂ ಒಪ್ಪೋದಿಲ್ಲ. ತಪ್ಪು ಟಿಪಿಎ ಕಡೆಯದಾದರೆ ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲಿ ಆಗದಿದ್ದರೆ ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್.

ಬಂಗುಡೆಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಮೇಲ್ ಬರೆದಿದ್ದೇನೆ, ಈ ಮೂರೇ ಪ್ರಶ್ನೆ, ಕ್ಯಾಂಟೀನಿನವರ ಹೆಸರು ಹಾಕಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ, ಗೊತ್ತಾದರೆ ಮಾತ್ರೆಯೇ ಬೇಡ ಅಂತಾರೆ. ಡಿಸ್ಚಾರ್ಜ್ ಆದ ಮೇಲಿನ ಮಾತ್ರೆಗಳ ಬಿಲ್ಲು ಬಾಕಿ ಉಂಟು. ಇವತ್ತು ರಾತ್ರಿ ಪೋರ್ಟಲ್‌ಗೆ ನಾನೇ ಹಾಕುತ್ತೇನೆ. ಪಾಸ್‌ವರ್ಡ್ ಕೂಡ ಎಚ್‌ಆರ್ ಕೊಟ್ಟದ್ದೇ, ನನ್ನ ಹುಟ್ಟಿದ ದಿನಾಂಕ! ಮೊದಲು ಅದನ್ನು ಬದಲಾಯಿಸಬೇಕು.