ನಾಲ್ಕೂ ಬಂಧಗಳು ಒಂದೇ ಆಗಿದ್ದರೆ ಬಾಣದ ಗುರುತು ಏಕೆ?

ಪ್ರಶ್ನೆ: ಕೋಥ್ರೂಡ್, ಪುಣೆ

ಮಾನ್ಯರೇ, ನನ್ನ ಮಗಳು ಇಲ್ಲಿನ ಜೂನಿಯರ್ ಕಾಲೇಜಿನಲ್ಲಿ 11ನೇ ತರಗತಿ ಓದುತ್ತಿದ್ದಾಳೆ. ಅಮೋನಿಯಾ ತನ್ನ ಒಂಟಿ ಜೋಡಿ (ಬಂಧದಲ್ಲಿ ತೊಡಗದ) ಎಲೆಕ್ಟ್ರಾನುಗಳನ್ನು ಪ್ರೋಟಾನಿಗೆ ನೀಡಿ ಅಮೋನಿಯಂ ಅಯಾನು ಆಗುವಾಗ ಉಂಟಾಗುವುದು ಕೋಆರ್ಡಿನೇಟ್ ಬಂಧವೆಂದು, ಅಂದರೆ ಎರಡೂ ಎಲೆಕ್ಟ್ರಾನುಗಳು ಒಂದೇ ಕಡೆಯಿಂದ ಬಂದ ಬಂಧವೆಂದು, ಅವಳ ಪುಸ್ತಕ ಬಾಣ ಹಾಕಿ ತೋರಿಸುತ್ತದೆ. ಆಮೇಲೆ ಅಯಾನಿನ ನಾಲ್ಕೂ ಬಂಧಗಳು ಸಮಾನವೆಂದೂ ಹೇಳುತ್ತದೆ. ಹಾಗಿದ್ದರೆ ಬಾಣವೇಕೆ ಎಂದು ಅವಳು ಕೇಳುತ್ತಾಳೆ. ಧಾರವಾಡದಲ್ಲಿ ಬಿ.ಎಸ್‌ಸಿ. ಓದಿದ ನನಗೂ ಸಮಾಧಾನಕರ ಉತ್ತರ ತೋಚಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಉಪನ್ಯಾಸಕ, ಮಾಟುಂಗಾ, ಮುಂಬಯಿ

ಬಾಣವು ಜೋಡಿ ಎಲ್ಲಿಂದ ಬಂತೆಂಬುದನ್ನು ಹೇಳುತ್ತದೆಯೇ ಹೊರತು ಬಂದ ಮೇಲೆ ಹೇಗಿದೆ ಎಂಬುದನ್ನಲ್ಲ. 1916ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೂಯಿಸ್, ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದಾಗ, ಇಬ್ಬರೂ ಒಂದೊಂದನ್ನು ತರಲೇಬೇಕೆಂಬ ಷರತ್ತೇನೂ ಅದರಲ್ಲಿರಲಿಲ್ಲ. ಅಮೋನಿಯಾದಲ್ಲಿ ಸುಮಾರು 107 ಡಿಗ್ರಿ ಇರುವ ಕೋನ ಅಮೋನಿಯಂನಲ್ಲಿ 109.5 ಆಗಿ, ನಾಲ್ಕೂ ಹೈಡ್ರೋಜನ್‌ಗಳು ಸಮ ಚತುರ್ಮುಖಿಯ ಮೂಲೆಗಳಲ್ಲಿ ನಿಲ್ಲುತ್ತವೆ. ಪ್ರೋಟಾನಿನ ಬದಲು ಡ್ಯೂಟೀರಿಯಂ (ಭಾರ ಹೈಡ್ರೋಜನ್) ಅಯಾನನ್ನು ಸೇರಿಸಿ, ಬಳಿಕ ಪ್ರತ್ಯಾಮ್ಲದಿಂದ ಒಂದನ್ನು ಕಿತ್ತರೆ, ಕೊನೆಗೆ ಬಂದದ್ದೇ ಹೊರಗೆ ಹೋಗುವುದಿಲ್ಲ. ಮೊದಲಿನಿಂದ ಇದ್ದ ಹೈಡ್ರೋಜನ್ ಕೂಡ ಹೋಗುತ್ತದೆ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಪಾಷಾಣ್, ಪುಣೆ

ಮಾಟುಂಗಾದ ಸರ್ ಅವರ ಮಾತು ಅಮೋನಿಯಂಗೆ ಪೂರ್ತಿ ಒಪ್ಪುತ್ತದೆ. ಆದರೆ ಎಲ್ಲ ಕೋಆರ್ಡಿನೇಟ್ ಬಂಧಗಳೂ ಹೀಗೆಯೇ ಎಂದು ಪುಸ್ತಕಗಳು ವಿಸ್ತರಿಸುವುದು ನನಗೆ ಸರಿಕಾಣುವುದಿಲ್ಲ. ಈಥೇನ್ ಮತ್ತು ಅಮೋನಿಯಾ ಬೋರೇನ್ ಎರಡರಲ್ಲೂ 18 ಎಲೆಕ್ಟ್ರಾನುಗಳಿವೆ, ಆಕಾರವೂ ಹೆಚ್ಚುಕಡಿಮೆ ಒಂದೇ. ಈಥೇನಿನ ಇಂಗಾಲ–ಇಂಗಾಲ ಬಂಧವನ್ನು ಮುರಿಯಲು ಪ್ರತಿ ಮೋಲಿಗೆ ಸುಮಾರು 377 ಕಿಲೋಜೂಲ್ ಬೇಕು. ಬೋರಾನ್–ನೈಟ್ರೋಜನ್ ಬಂಧಕ್ಕೆ ಅದರ ಮೂರನೇ ಒಂದು ಭಾಗದ ಆಸುಪಾಸು ಸಾಕು. ಮುರಿಯುವ ರೀತಿಯೂ ಬೇರೆ: ಈಥೇನಿನಲ್ಲಿ ಜೋಡಿ ಒಡೆದು ಎರಡು ಮೀಥೈಲ್ ರ‍್ಯಾಡಿಕಲ್‌ಗಳಾದರೆ, ಇಲ್ಲಿ ಜೋಡಿ ಇಡಿಯಾಗಿ ನೈಟ್ರೋಜನ್ನಿಗೆ ಮರಳುತ್ತದೆ. ಬಂಧ ಅತಿ ಕಡಿಮೆ ಶಕ್ತಿಯಲ್ಲಿ ಹೇಗೆ ಮುರಿಯುತ್ತದೆ ಎಂಬುದನ್ನೇ ಅಳತೆಗೋಲಾಗಿಸಬೇಕೆಂದು 1989ರಲ್ಲಿ ನಾರ್ವೆಯ ರಸಾಯನಶಾಸ್ತ್ರಜ್ಞ ಹಾಲಾಂಡ್ ವಾದಿಸಿದರು: ಜೋಡಿ ಒಡೆದರೆ ಸಾಧಾರಣ ಸಹವೇಲೆನ್ಸಿ ಬಂಧ, ಇಡಿಯಾಗಿ ಒಂದೇ ಕಡೆ ಹೋದರೆ ಕೋಆರ್ಡಿನೇಟ್ ಬಂಧ.

ಆ ಅಳತೆಗೋಲನ್ನು ಅಮೋನಿಯಂಗೆ ಹಚ್ಚಿದರೆ ಸ್ವಾರಸ್ಯವಿದೆ. ಅನಿಲಸ್ಥಿತಿಯಲ್ಲಿ ಅದರಿಂದ ಪ್ರೋಟಾನನ್ನು (ಜೋಡಿ ಇಡಿಯಾಗಿ ನೈಟ್ರೋಜನ್ನಿನಲ್ಲೇ ಉಳಿಯುವಂತೆ) ಕೀಳಲು ಸುಮಾರು 853 ಕಿಲೋಜೂಲ್ ಬೇಕು, ಹೈಡ್ರೋಜನ್ ಪರಮಾಣುವನ್ನು (ಜೋಡಿ ಒಡೆಯುವಂತೆ) ಕೀಳಲು ಸುಮಾರು 513 ಮಾತ್ರ. ಪಠ್ಯಗಳು ಕೋಆರ್ಡಿನೇಟ್ ಬಂಧಕ್ಕೆ ಮೊದಲು ಕೊಡುವ ಉದಾಹರಣೆಯೇ ಸಾಧಾರಣ ಸಹವೇಲೆನ್ಸಿ ಬಂಧದಂತೆ ನಡೆದುಕೊಳ್ಳುತ್ತದೆ!

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಕಾರ್ಬನ್ ಮಾನಾಕ್ಸೈಡಿನಲ್ಲಿ ಆಮ್ಲಜನಕದಿಂದ ಇಂಗಾಲಕ್ಕೆ ಬಾಣವಿದೆ. ಅದನ್ನು ಹಾಗೆಯೇ ಬರೆಯಬೇಕೇ?

ಉತ್ತರ: ಶಾಲಾ ಶಿಕ್ಷಕಿ, ವಾಸ್ಕೋ, ಗೋವಾ

ಬಾಣ ಬರೆದರೆ ಆವೇಶದ ಚಿಹ್ನೆ ಬೇಡ; ಮೂರು ಗೆರೆ ಎಳೆದರೆ ಇಂಗಾಲಕ್ಕೆ ಋಣ, ಆಮ್ಲಜನಕಕ್ಕೆ ಧನ ಚಿಹ್ನೆ ಹಾಕಬೇಕು. ಎರಡನ್ನೂ ಬೆರೆಸಿದರೆ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಆ ಚಿಹ್ನೆಗಳನ್ನು ನಿಜವಾದ ಆವೇಶವೆಂದೂ ಎಣಿಸಬಾರದು, ಏಕೆಂದರೆ ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅಣುವಿನ ದ್ವಿಧ್ರುವ ಮಹತ್ವ (ಆವೇಶ ಎಷ್ಟು ಬೇರ್ಪಟ್ಟಿದೆ ಎಂಬುದರ ಅಳತೆ) ಕೇವಲ 0.1 ಡಿಬೈಗಿಂತ ತುಸು ಹೆಚ್ಚು.